ಗಂಟೆಮನೆ, ಮಧ್ಯಾಹ್ನ ಎರಡೂವರೆ

ಹೆದರಿದರೆ ಅವಳಿಗೆ ಬಿಕ್ಕಳಿಕೆ ಬರುತ್ತಿತ್ತು. ಸಿಸ್ಟರುಗಳು ನಡೆಸುವ ಆ ಕಾಲೇಜಿಗೆ ಸೇರಿದ ಮೊದಲ ವಾರವೇ ಇದು ಬಯಲಾಗಿ, ಇತಿಹಾಸ ಮತ್ತು ಸಮಾಜಶಾಸ್ತ್ರದ ತರಗತಿಯ ಇಪ್ಪತ್ತೆರಡು ಹುಡುಗಿಯರೂ ಅವಳನ್ನು ಬಿಕ್ಕಿ ಎಂದು ಕರೆಯತೊಡಗಿದರು. ಮೂರನೆಯ ವರ್ಷಕ್ಕೆ ಬರುವಷ್ಟರಲ್ಲಿ ಆ ಹೆಸರಿಗೆ ಅವಳೇ ಓಗೊಡುತ್ತಿದ್ದಳು.

ಆ ಗುರುವಾರ ಬಿಕ್ಕಳಿಕೆ ಶುರುವಾದಾಗ ಅಡಿಟಿಪ್ಪಣಿ ಮೇಷ್ಟ್ರು ಪಾಠ ಮಾಡುತ್ತಿದ್ದರು. ಪುಟದ ಕೆಳಗೆ ಆಕರ ಬರೆಯದ ಪ್ರಬಂಧವನ್ನು ಅವರು ಓದದೆಯೇ ಹಿಂದಿರುಗಿಸುತ್ತಿದ್ದರು. ಅವರ ಮದುವೆಯ ಕರೆಯೋಲೆಗೂ ಅಡಿಟಿಪ್ಪಣಿ ಇತ್ತಂತೆ ಎಂದು ಹುಡುಗಿಯರು ನಗುತ್ತಿದ್ದರು. ಅಂದಿನ ಪಾಠ, ಹೆಸರು ಮುಚ್ಚಿಟ್ಟ ಸಾಕ್ಷಿಯನ್ನು ಪತ್ತೆ ಹಚ್ಚುವ ಬಗೆ. ಯಾವುದೋ ಹಳೆಯ ಕಾಗದ ಎತ್ತಿ ಹಿಡಿದು, ಇದರಲ್ಲಿ ಬರೆದವನ ಹೆಸರಿಲ್ಲ, ಬರೆದ ಜಾಗ ಇದೆ, ಹೊತ್ತು ಇದೆ ಎಂದು ತೋರಿಸಿದರು.

"ಹೆಸರು ಯಾಕ್ರಮ್ಮ ಬೇಕು? ಜಾಗ, ಹೊತ್ತು ಕೊಟ್ಟುಬಿಡಿ, ಆಳು ತಾನಾಗೇ ಬಂದು ಎದುರಿಗೆ ನಿಲ್ತಾನೆ."

ಬಿಕ್ಕಿಯ ಪೆನ್ನು ನಿಂತಿತು. ಮೊದಲ ಬಿಕ್ಕಳಿಕೆ ಬಂದದ್ದು ಆಗ.

ಅಂದು ಬೆಳಿಗ್ಗೆಯಷ್ಟೇ ಅವಳು ತನ್ನ ಪ್ರಬಂಧದ ಎರಡು ಪ್ರತಿ ಒಪ್ಪಿಸಿದ್ದಳು. ಒಂದು ಮೇಷ್ಟ್ರಿಗೆ, ಇನ್ನೊಂದು ಪ್ರಾಂಶುಪಾಲರಾದ ಮದರ್‌ಗೆ. ವಿಷಯ, ಕಾಲೇಜಿನ ಹಾಸ್ಟೆಲಿನ ಹಳೆಯ ದಿನಚರಿ. ಯಾರಿಗೂ ಬೇಡವಾದ ವಿಷಯ ಎಂದುಕೊಂಡೇ ಆರಿಸಿದ್ದಳು. ಹಾಸ್ಟೆಲಿನ ಹಾಜರಿ ಪುಸ್ತಕದಲ್ಲಿ, ಮೂವತ್ತೆಂಟು ವರ್ಷದ ಹಿಂದೆ, ನಲವತ್ತೇಳನೆಯ ಮಂಚದ ಹುಡುಗಿಯ ಎದುರು 'ಜ್ವರ, ಮನೆಗೆ ಹೋದಳು' ಎಂದಿತ್ತು. ಮನೆಯಲ್ಲೇ ತೀರಿಕೊಂಡಳು ಎಂದು ಕಾಲೇಜಿನ ಶತಮಾನೋತ್ಸವದ ಪುಸ್ತಕ ಹೇಳುತ್ತಿತ್ತು. ಆದರೆ ಬಟ್ಟೆ ಒಗೆಯುವವರ ಪುಸ್ತಕದಲ್ಲಿ ನಲವತ್ತೇಳನೆಯ ನಂಬರಿನ ಹಾಸಿಗೆ ಬಟ್ಟೆ ಆಮೇಲೂ ಮೂರು ದಿನ ಒಗೆಯಲು ಬಂದಿತ್ತು. ಮನೆಗೆ ಹೋದವಳ ಹಾಸಿಗೆ ಕೊಳೆಯಾಗುವುದು ಹೇಗೆ?

ಆ ಪುಸ್ತಕ ಹಿಡಿದು ಅವಳು ಗಂಟೆತಾತನ ಬಳಿ ಹೋಗಿದ್ದಳು. ನಲವತ್ತು ವರ್ಷದಿಂದ ಪ್ರಾರ್ಥನಾ ಮಂದಿರದ ಗಂಟೆಯನ್ನು ತಾಸುತಾಸಿಗೂ ಬಾರಿಸುವವನು ಅವನು. ಗಂಟೆಮನೆ ಎನ್ನುವ, ಗಂಟೆಯ ಕೆಳಗಿನ ಒಂಟಿ ಕೋಣೆಯಲ್ಲಿ, ಹಾಸಿಗೆ ಹಿಡಿದ ಅಕ್ಕನ ಜೊತೆ ವಾಸ. ಪುಸ್ತಕದಲ್ಲಿ ಆ ನಂಬರು ನೋಡಿ ಅವನು ಬಾಗಿಲು ಮುಂದೆ ಮಾಡಿದ. ಆಮೇಲೆ ಹೇಳಿದ. ಜ್ವರ ಉಳಿದವರಿಗೂ ಅಂಟೀತು ಎಂದು ಹುಡುಗಿಯನ್ನು ಮೇಲಿನ ಕೋಣೆಯಲ್ಲಿಟ್ಟು ಹೊರಗಿನಿಂದ ಬೀಗ ಹಾಕಿದ್ದರು. ಬೀಗದ ಕೈ ಅವನ ಸೊಂಟದಲ್ಲಿತ್ತು. ದಿನಕ್ಕೊಮ್ಮೆ ಬಾಗಿಲು ತೆರೆದು ಬಟ್ಟೆ, ಗಂಜಿ ಬದಲಿಸಬೇಕು, ಉಳಿದಂತೆ ಏನೇ ಆದರೂ ತೆರೆಯಬಾರದು ಎಂದು ಅಪ್ಪಣೆ. ಅವಳು ಬಾಗಿಲು ಬಡಿಯುತ್ತಿದ್ದಳು. ಮೂರನೆಯ ದಿನ ಬಡಿಯಲಿಲ್ಲ. ಅಪ್ಪಣೆ ಕೊಟ್ಟ ಎಳೆಯ ವಾರ್ಡನ್ನೇ ಈಗಿನ ಮದರ್.

"ಅವಳ ವಿಷಯ ಬರಿ ಮಗಳೇ, ಯಾರಾದ್ರೂ ಬರೀಬೇಕು. ನನ್ನ ಹೆಸರು ಮಾತ್ರ ಬೇಡ. ಈ ಕೋಣೆ ಹೋದ್ರೆ ಅಕ್ಕನ್ನ ಹೊತ್ಕೊಂಡು ಎಲ್ಲಿಗೆ ಹೋಗಲಿ?"

ಅವಳು ಮಾತು ಕೊಟ್ಟಿದ್ದಳು. ಮಾತಿನಂತೆ 'ಒಬ್ಬ ಹಿರಿಯ ನೌಕರರು' ಎಂದಷ್ಟೇ ಬರೆದಳು. ಆದರೆ ಮೂರು ವರ್ಷದ ಅಭ್ಯಾಸ ಕೈಯನ್ನು ಎಳೆದುಕೊಂಡು ಹೋಗಿತ್ತು. ಪುಟದ ಬುಡದಲ್ಲಿ ಚೊಕ್ಕ ಅಕ್ಷರದಲ್ಲಿ ಬರೆದಿದ್ದಳು: ಸಂದರ್ಶನ, ಗಂಟೆಮನೆ, ಮಧ್ಯಾಹ್ನ ಎರಡೂವರೆ.

ತರಗತಿ ಮುಗಿದ ಮೇಲೆ ಪಕ್ಕದ ಬೆಂಚಿನ ಗೆಳತಿಗೆ ಇಷ್ಟನ್ನೂ ಹೇಳಿಕೊಂಡಳು. ಹೋಗಿ ಆ ಪುಟ ಬದಲಿಸಲು ಕೇಳಲೇ ಎಂದಳು.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗೆ ಆಗುತ್ತೆ ಕಣೇ. ಸುಮ್ನಿರು. ಮದರ್ ಅದನ್ನ ಓದೋದೂ ಇಲ್ಲ, ಬೀರುಗೆ ತುಂಬ್ತಾರೆ."

ಕೇಳಿದರೂ ಕಷ್ಟ, ಬಿಟ್ಟರೂ ಕಷ್ಟ. ಒಂದು ಲೋಟ ನೀರು ಕುಡಿದು ಮೂಗು ಹಿಡಿದುಕೊಂಡಳು. ಬಿಕ್ಕಳಿಕೆ ನಿಂತಿತು ಎನ್ನುವಷ್ಟರಲ್ಲಿ ಕಚೇರಿಯ ಜವಾನ ಬಾಗಿಲಲ್ಲಿ ಕಾಣಿಸಿಕೊಂಡ. ಮದರ್ ಕರೆಯುತ್ತಿದ್ದಾರೆ, ಈಗಲೇ ಬರಬೇಕಂತೆ.

ಕಚೇರಿಗೆ ಇಪ್ಪತ್ತಾರು ಮೆಟ್ಟಿಲು. ಒಂದೊಂದನ್ನೂ ಎಣಿಸುತ್ತ ಹತ್ತಿದಳು.

ಮೇಜಿನ ಮೇಲೆ ಪ್ರಬಂಧ ತೆರೆದಿತ್ತು. ಪುಟದ ಕೊನೆಯ ಸಾಲಿನ ಕೆಳಗೆ ಸ್ಟೀಲಿನ ಅಳತೆಪಟ್ಟಿ ಇಟ್ಟಿತ್ತು. ಮದರ್ ಕೂರಲು ಹೇಳಿದರು. ಅವರದು ಯಾವತ್ತೂ ಮೆದು ದನಿ. ಅದಕ್ಕೇ ಎಲ್ಲರೂ ಅವರಿಗೆ ಹೆದರುತ್ತಿದ್ದರು. ಬರವಣಿಗೆ ಚೆನ್ನಾಗಿದೆ, ಒಗೆತದ ಪುಸ್ತಕ ನೋಡುವ ಬುದ್ಧಿ ಇಷ್ಟು ವರ್ಷ ಯಾರಿಗೂ ಹೊಳೆದಿರಲಿಲ್ಲ ಎಂದರು. ಆಮೇಲೆ ಅಳತೆಪಟ್ಟಿಯ ಮೇಲೆ ಬೆರಳಿಟ್ಟರು.

"ಎರಡೂವರೆಗೆ ಗಂಟೆಮನೇಲಿ ಯಾರಿರ್ತಾರೆ?"

ಬಿಕ್ಕಳಿಕೆ ಎದೆ ಒದ್ದುಕೊಂಡು ಬಂತು. ಕಿಟಕಿಯಾಚೆ, ಗೋಪುರದ ಕೆಳಗೆ, ತೊಳೆದ ಬಿಳಿ ಸೀರೆಯೊಂದು ಹಗ್ಗದ ಮೇಲೆ ಒಣಗುತ್ತಿತ್ತು. ತಾತನ ಅಕ್ಕನದು.

"ಯಾರೂ ಇರಲ್ಲ ಮದರ್, ಮಲಗಿರೋ ಅಕ್ಕ ಬಿಟ್ರೆ. ತಾತ ಆ ಹೊತ್ತಿಗೆ ಔಷಧಿ ತರೋಕೆ ಹೋಗಿರ್ತಾರೆ. ನಾನೊಬ್ಬಳೇ ನೆರಳಲ್ಲಿ ಕೂತು ಬರೀತಿದ್ದೆ."

"ಹಾಗಾದ್ರೆ ಈ ಹಿರಿಯ ನೌಕರರು?"

"ಅಂಥವರು ಯಾರೂ ಇಲ್ಲ. ನಾನೇ ಕಟ್ಟಿ ಬರೆದೆ."

ಇತಿಹಾಸ ಓದುವವಳು ಹೇಳಬಾರದ ಮಾತು ಅದು. ಕಳ್ಳತನ ಮಾಡಿದೆ ಎಂದಿದ್ದರೂ ಬಾಯಿ ಇಷ್ಟು ಒಣಗುತ್ತಿರಲಿಲ್ಲ.

ಮದರ್ ಅವಳನ್ನೇ ನೋಡಿದರು. ನಂಬಲಿಲ್ಲ. ನಂಬಿದಂತಿರುವುದು ಅವರಿಗೂ ಬೇಕಿತ್ತು. ಹೂಜಿಯಿಂದ ನೀರು ಬಗ್ಗಿಸಿ ಅವಳ ಮುಂದಿಟ್ಟರು. ಲೋಟಕ್ಕೆ ಬಿದ್ದಷ್ಟೇ ನೀರು ಮೇಜಿನ ಮೇಲೂ ಬಿತ್ತು. ಅದನ್ನು ಕಂಡು ಬಿಕ್ಕಿಗೆ ಸಮಾಧಾನವಾಗಲಿಲ್ಲ, ಇನ್ನಷ್ಟು ಹೆದರಿಕೆಯಾಯಿತು.

ಮೇಷ್ಟ್ರಿಗೆ ಕೊಟ್ಟಿದ್ದನ್ನೂ ತರಿಸಿಕೊಂಡಾಗಿದೆ, ಪ್ರಬಂಧದ ಎರಡೂ ಪ್ರತಿ ತಮ್ಮ ಬಳಿಯೇ ಉಳಿಯುತ್ತವೆ ಎಂದರು ಮದರ್. ಮುಂದಿನ ವರ್ಷ ಬೇರೆ ವಿಷಯ ತೆಗೆದುಕೊಂಡು ಬರೆಯಬಹುದು. ಸದ್ಯಕ್ಕೆ, ಈಗ ಹೇಳಿದ್ದನ್ನೇ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಬೇಕು.

ಅವಳ ಓದಿನ ಒಂದು ವರ್ಷ ಕೈಬಿಟ್ಟು ಹೋಯಿತು. ನಲವತ್ತೇಳನೆಯ ಮಂಚದ ಹುಡುಗಿಯೂ ಹೋದಳು, ಎರಡನೆಯ ಸಲ, ಈ ಬಾರಿ ಬಿಕ್ಕಿಯ ಕೈಯಿಂದಲೇ. ಬಿಕ್ಕಿ ಬರೆದಳು: ಹಾಸ್ಟೆಲಿನ ಹುಡುಗಿಯನ್ನು ಕೋಣೆಯಲ್ಲಿ ಕೂಡಿಹಾಕಿದರೆಂಬುದು ನನ್ನ ಕಲ್ಪನೆ. ನನಗೆ ಯಾರೂ ಏನೂ ಹೇಳಿಲ್ಲ. ಸಹಿ ಹಾಕಿದಳು. ಕೈ ಅಲ್ಲಿಗೆ ನಿಲ್ಲದೆ ಹಾಳೆಯ ಬುಡಕ್ಕೆ ಜಾರಿತು. ಈ ಸಲ ಅವಳಿಗೆ ಅದು ಗೊತ್ತಿತ್ತು. ಗೊತ್ತಿದ್ದೇ ಬರೆದಳು: ಪ್ರಾಂಶುಪಾಲರ ಕೊಠಡಿ, ಮಧ್ಯಾಹ್ನ ಮೂರೂಮುಕ್ಕಾಲು, ಮದರ್ ಎದುರಿನಲ್ಲಿ.

ಮದರ್ ಓದಿದರು. ಕೊನೆಯ ಸಾಲಿನ ಮೇಲೆ ಕಣ್ಣು ನಿಂತಿತು.

"ಇದು ಬೇಕಿತ್ತಾ?"

"ಹೀಗೇ ಬರೀಬೇಕು ಅಂತ ಮೇಷ್ಟ್ರು ಕಲಿಸಿದ್ದಾರೆ ಮದರ್."

ಹರಿದು ಹಾಕುತ್ತಾರೆ ಎಂದುಕೊಂಡಳು. ಇನ್ನೊಮ್ಮೆ ಬರೆ ಎಂದರೆ ಆ ಸಾಲು ಸೇರಿಸುವ ಧೈರ್ಯ ತನಗೆ ಬರುವುದಿಲ್ಲ ಎಂಬುದೂ ಗೊತ್ತಿತ್ತು. ಮದರ್ ಹಾಳೆಯನ್ನು ಎರಡು ಕೈಯಲ್ಲೂ ಹಿಡಿದು ಕಿಟಕಿಯ ಕಡೆ ನೋಡುತ್ತ ಕೂತರು. ಆಮೇಲೆ, ಹೋಗು ಎಂದರು.

ಹೊರಗಿನ ಬೆಂಚಿನ ಮೇಲೆ ಕುಸಿದಳು. ಗೋಡೆ ಗಡಿಯಾರದಲ್ಲಿ ನಾಲ್ಕಾಯಿತು. ಗಂಟೆ ಬಡಿಯಲಿಲ್ಲ. ನಲವತ್ತು ವರ್ಷದಲ್ಲಿ ತಾತ ಒಂದು ನಿಮಿಷ ಆಚೆ ಈಚೆ ಮಾಡಿದವನಲ್ಲ. ನಾಲ್ಕು ದಾಟಿ ಒಂದು ನಿಮಿಷ. ತನಗಿಂತ ಮೊದಲೇ ಅವನನ್ನು ಕರೆಸಿದ್ದರೇ? ತನ್ನ ಸುಳ್ಳು ಕೇಳುವ ಮೊದಲೇ ಎಲ್ಲ ಮುಗಿದಿತ್ತೇ? ಎರಡು ನಿಮಿಷ. ಬಿಕ್ಕಳಿಕೆಗೆ ಉಸಿರು ಸಿಗದೆ ಅವಳು ಬೆಂಚಿನ ಅಂಚು ಹಿಡಿದುಕೊಂಡಳು.

ಒಳಗೆ ಬೀರು ತೆರೆದ ಸದ್ದು, ಕಡತ ಎಳೆದ ಸದ್ದು, ಮತ್ತೆ ಬೀಗದ ಕೈ ತಿರುಗಿದ ಸದ್ದು. ಹಾಳೆ ಉಳಿಯಿತು.

ಆಗ ಗಂಟೆ ಬಡಿಯಿತು. ಒಂದು, ಎರಡು, ಮೂರು, ನಾಲ್ಕು. ಕಚೇರಿಯ ಗಡಿಯಾರ ಎರಡು ನಿಮಿಷ ಮುಂದಿದೆ ಎಂದು ಜವಾನ ಗೊಣಗುತ್ತ ಮೆಟ್ಟಿಲಿಳಿದು ಹೋದ.