ಕ್ರಿಯಾಪದಕ್ಕೆ ಮುಂಚೆ

ನನ್ನ ತಂಗಿ ತೀರಿಹೋದಳು ಅಂತ ಫೋನ್ ಬಂದಾಗ ನಾನು ಗಾರ್ಮೆಂಟ್ಸ್ ಫ್ಯಾಕ್ಟ್ರಿಯ ಕಟಿಂಗ್ ಮೇಜಿನ ಮೇಲೆ ಬಗ್ಗಿ ಶರ್ಟಿನ ತೋಳು ಕತ್ತರಿಸ್ತಾ ಇದ್ದೆ. ಆ ಸಾಲು ಮುಗಿಸಿಯೇ ಕತ್ತರಿ ಕೆಳಗಿಟ್ಟೆ. ಕಲ್ಲುಮನಸ್ಸು ಅನ್ನೋರು ಅಂದ್ಕೊಳ್ಳಲಿ. ಮಧ್ಯದಲ್ಲಿ ಕೈ ಬಿಟ್ರೆ ಕೆಳಗಿನ ಪದರ ಜಾರಿ ಇಡೀ ಥಾನು ಹಾಳಾಗುತ್ತೆ. ಆಮೇಲೆ ಗೋಡೆ ಕಡೆ ತಿರುಗಿ ನಿಂತು ಅತ್ತೆ.

ಅವಳು ದೂರದೇಶದಲ್ಲಿ ನರ್ಸ್ ಆಗಿದ್ದಳು. ನಮಗ್ಯಾರಿಗೂ ಹೇಳದೆ ಅಲ್ಲಿನವನೊಬ್ಬನನ್ನ ಕಟ್ಕೊಂಡಳು, ಅಲ್ಲಿಂದ ನಮ್ಮಿಬ್ಬರಿಗೂ ಮಾತು ನಿಂತುಹೋಯ್ತು. ಹಟದಲ್ಲಿ ಅವಳು ನನಗಿಂತ ಒಂದು ಕೈ ಮೇಲೆ. ಅವನೋ, ಅವಳು ಬಸುರಿ ಅಂತ ಗೊತ್ತಾದ ಕೂಡಲೇ ಕೈಕೊಟ್ಟು ಹೋದ ಪುಣ್ಯಾತ್ಮ. ಈಗ ಉಳಿದಿದ್ದು ಒಂದು ಹೆಣ್ಣುಮಗು, ಇನ್ನೂ ಹಾಲುಹಲ್ಲು ಬೀಳದ್ದು. ಅದನ್ನ ಪಕ್ಕದ ಮನೆ ಹೆಂಗಸಿನ ಹತ್ರ ಬಿಟ್ಟಿದ್ರು. ಆ ಹೆಂಗಸಿಗೆ ಮಕ್ಕಳಿಲ್ಲ, ಮಗುವನ್ನ ತಾನೇ ಸಾಕ್ಕೊಳ್ಳೋ ಆಸೆ. ನನಗೂ ಮಕ್ಕಳಿಲ್ಲ. ಆದ್ರೆ ನಾನು ದೊಡ್ಡಮ್ಮ, ಒಡಹುಟ್ಟಿದವಳು. ನನ್ನ ತಂಗಿಯ ಮಗಳು ನನ್ನ ಮನೇಲಿ ಬೆಳೀಬೇಕು. ನನಗೆ ಬೇಕಾಗಿದ್ದು ಅದೊಂದೇ.

ಅಲ್ಲಿನ ಮಕ್ಕಳ ಕಲ್ಯಾಣ ಕಚೇರಿಯ ಅಧಿಕಾರಿಣಿ ದುಭಾಷಿಯ ಮೂಲಕ ವಿಷಯ ಹೇಳಿದಳು. ಮಗುಗೆ ಸ್ಪ್ಯಾನಿಷ್ ಬಿಟ್ಟು ಬೇರೆ ಮಾತು ಬರಲ್ಲ. ವಿಡಿಯೋ ಕರೆಯಲ್ಲಿ ಇಬ್ಬರನ್ನೂ ಎದುರುಬದುರು ಕೂರಿಸ್ತೀವಿ, ಮೊದಲು ದುಭಾಷಿ ಬಾಯಿ ಹಾಕೋ ಹಾಗಿಲ್ಲ. ಮಗು ನಿಮಗೆ ಹೊಂದಿಕೊಳ್ಳುತ್ತೆ ಅಂತ ಕಂಡ್ರೆ ನಿಮಗೇ ಒಪ್ಪಿಸ್ತೀವಿ. ಬೇಸಿಗೆ ಕಳೆದ ಮೇಲೆ ಇಟ್ಕೊಳ್ಳೋಣ, ಅಷ್ಟರಲ್ಲಿ ಸ್ವಲ್ಪ ಕಲೀರಿ.

ಸರಿ, ಈ ವಯಸ್ಸಲ್ಲಿ ನಾನು ಸ್ಪ್ಯಾನಿಷ್ ಕಲಿಯೋಕೆ ಹೊರಟೆ.

ನಮ್ಮ ಬೀದಿಯ ಔಷಧಿ ಅಂಗಡಿ ಮೇಲೆ ಒಬ್ಬ ಮೇಷ್ಟ್ರಿದ್ರು. ಸ್ಪ್ಯಾನಿಷ್ ಪಾಠ ಹೇಳಿ ನಿವೃತ್ತರಾದವರು. ಒಂದೇ ಕೋಣೆ, ಕಿಟಕಿ ತುಂಬ ಪುಸ್ತಕ, ಕೂರೋಕೆ ಒಂದು ಕಾಲು ಕುಂಟುವ ಕುರ್ಚಿ. ಮೊದಲ ದಿನವೇ ಕೇಳಿದ್ರು, "ಅಮ್ಮಾ, ನಾಮಪದ ಅಂದ್ರೆ ಗೊತ್ತಾ?"

"ಶಾಲೇಲಿ ಓದಿದ್ದೆ ಮೇಷ್ಟ್ರೇ, ಹೊಡೆತ ನೆನಪಿದೆ, ಪಾಠ ನೆನಪಿಲ್ಲ."

ಅವರು ನಗಲಿಲ್ಲ. ನಗೋ ಆಸಾಮಿಯೇ ಅಲ್ಲ. ಹೆಸರು ಹೇಳುವ ಪದಗಳೆಲ್ಲ ನಾಮಪದ, ಅದು ಮೊದಲನೇ ಪಾಠ. ಅದರ ಮುಂದೆ ಅಂಟಿಕೊಂಡು ಬರುವ ಎಲ್, ಲಾ ಅನ್ನೋ ಚಿಕ್ಕ ಪದಗಳು ಎರಡನೆಯದು. ಹೇಗಿದೆ, ಯಾವ ಬಣ್ಣ ಅಂತ ಹೇಳುವ ವಿಶೇಷಣ ಮೂರನೆಯದು. ನಾನು, ನೀನು ಅನ್ನುವ ಸರ್ವನಾಮ ನಾಲ್ಕನೆಯದು. ಹೋಗು, ಬಾ, ತಿನ್ನು ಅನ್ನುವ ಕ್ರಿಯಾಪದ ಐದನೆಯದು. "ಒಂದು ಗಟ್ಟಿಯಾಗದೆ ಇನ್ನೊಂದಕ್ಕೆ ಕೈ ಹಾಕೋದು ಬೇಡ. ನಾನು ಕಲಿಸಿದ್ದೇ ಹಾಗೆ."

ನನಗಂತೂ ಬಲು ಹಿಡಿಸಿತು. ನಮ್ಮ ಕೆಲಸವೂ ಹಾಗೇ ತಾನೆ. ಕಾಲರ್ ಎಲ್ಲ ಒಂದು ಕಟ್ಟು, ತೋಳೆಲ್ಲ ಒಂದು ಕಟ್ಟು, ಬೆನ್ನಿನ ತುಂಡೆಲ್ಲ ಒಂದು ಕಟ್ಟು. ಪೂರ್ತಿ ಥಾನು ಕತ್ತರಿಸಿ ಕಟ್ಟು ಹಾಕೋ ತನಕ ಹೊಲಿಗೆಯವರ ಕಡೆ ಒಂದು ತುಂಡೂ ಹೋಗಲ್ಲ. ಮುಂಚೆಯೇ ಕಳಿಸಿ ತೋಳು ಒಂದು ಬಣ್ಣ, ಮೈ ಒಂದು ಬಣ್ಣ ಆದ ಶರ್ಟುಗಳನ್ನ ನಾನು ಕಂಡಿದ್ದೀನಿ. ಹಾಗಾಗಿ ಮೇಷ್ಟ್ರು ಮತ್ತು ನಾನು, ಇಬ್ಬರು ಶಿಸ್ತಿನ ಮನುಷ್ಯರು, ಚೆನ್ನಾಗಿ ಹೊಂದ್ಕೊಂಡ್ವಿ.

ಆ ಭಾಷೇಲಿ ಜೀವ ಇಲ್ಲದ ವಸ್ತುವಿಗೂ ಹೆಣ್ಣು ಗಂಡು ಅಂತ ಇದೆ. ಮನೆ, ಅಂದ್ರೆ ಕಾಸಾ, ಹೆಣ್ಣಂತೆ. ಹಾಸಿಗೆ, ಕಾಮಾ, ಹೆಣ್ಣಂತೆ. ಬೂಟು, ಸಪಾತೊ, ಗಂಡಂತೆ. "ಯಾರು ಬಗ್ಗಿ ನೋಡಿದ್ರಂತೆ?" ಅಂದೆ. ಮೇಷ್ಟ್ರು ಕನ್ನಡಕ ಒರೆಸ್ಕೊಂಡ್ರು. ಹೆಣ್ಣು ಪದದ ಪಕ್ಕ ಬಂದ್ರೆ ಬಣ್ಣವೂ ಹೆಣ್ಣಾಗಬೇಕು, ಗಂಡಿನ ಪಕ್ಕ ಬಂದ್ರೆ ಗಂಡಾಗಬೇಕು. ಕೆಂಪು ಹೊದಿಕೆಗೆ ರೋಹಾ, ಕೆಂಪು ಫ್ರಾಕಿಗೆ ರೋಹೊ. ಬಟ್ಟೆಗೆ ತಕ್ಕ ದಾರ ಆರಿಸೋಳಿಗೆ ಇದೇನು ಕಷ್ಟ. ತಪ್ಪದೆ ಹೇಳ್ತಿದ್ದೆ. ಕತ್ತರಿ ಆಡಿಸ್ತಾ ಗೊಣಗ್ತಿದ್ರೆ ಪಕ್ಕದ ಮೇಜಿನವರು, ಇವಳಿಗೆ ತಲೆ ಕೆಟ್ಟಿದೆ ಅಂದ್ರು. ಅಂದ್ಕೊಳ್ಳಲಿ.

ಮನೇಲಿ ಚಿಕ್ಕ ಕೋಣೆ ಖಾಲಿ ಮಾಡಿಸಿದೆ. ಮಂಚ ಹಾಕಿಸಿದೆ. ಅಂದಾಜಿನ ಅಳತೆಗೆ ಒಂದು ಕೆಂಪು ಫ್ರಾಕು ಹೊಲಿದೆ, ಬೆಳೆಯೋ ಮಗು ಅಂತ ಅಂಚಿನಲ್ಲಿ ಬಟ್ಟೆ ಮಡಚಿ ಬಿಟ್ಟೆ. ನಮ್ಮ ಯಜಮಾನ್ರು ಬಾಗಿಲಲ್ಲಿ ನಿಂತು, "ಇನ್ನೂ ಒಪ್ಪಿಲ್ಲ ಕಣೇ, ಇಷ್ಟೊಂದು ಆಸೆ ಇಟ್ಕೋಬೇಡ" ಅಂದ್ರು. ನಾನು ಸಿಡುಕಿದೆ. ಆಸೆ ಇಟ್ಕೊಳ್ಳದೆ ಯಾರಾದ್ರೂ ಫ್ರಾಕು ಹೊಲೀತಾರಾ?

ನಾವು ಇನ್ನೂ ಸರ್ವನಾಮದಲ್ಲಿದ್ವಿ, ಅಷ್ಟರಲ್ಲಿ ಕಚೇರಿಯಿಂದ ಫೋನ್ ಬಂತು. ಮಗು ಸರಿಯಾಗಿ ಊಟ ಮಾಡ್ತಿಲ್ಲ, ಒಂದು ಕಡೆ ನೆಲೆ ಸಿಗಬೇಕು, ಕಾಯೋದು ಬೇಡ, ನಾಡಿದ್ದೇ ಮಾತಾಡಿಸ್ತೀವಿ. ಮೇಷ್ಟ್ರ ಹತ್ರ ಓಡಿದೆ.

"ಕ್ರಿಯಾಪದ ಹೇಳ್ಕೊಡಿ ಮೇಷ್ಟ್ರೇ."

"ಎರಡು ದಿನಕ್ಕೆ ಕ್ರಿಯಾಪದ ಆಗುತ್ತಾ ಅಮ್ಮಾ? ನಾನು, ನೀನು, ಅವನು, ನಿನ್ನೆ, ನಾಳೆ, ಎಲ್ಲಕ್ಕೂ ಒಂದೊಂದು ರೂಪ ಬದಲಾಗುತ್ತೆ. ಅರೆಬರೆ ಕಲಿತು ಮಗು ಮುಂದೆ ತಡವರಿಸೋದಕ್ಕಿಂತ ಗೊತ್ತಿರೋದನ್ನ ಗಟ್ಟಿಯಾಗಿ ಹೇಳಿ."

ನನಗೂ ಅದೇ ಸರಿ ಅನ್ನಿಸ್ತು. ಅರೆಬರೆ ಕೆಲಸ ನಾನು ಯಾವತ್ತೂ ಮಾಡಿದವಳಲ್ಲ.

ಪರದೆ ಮೇಲೆ ಮಗು ಕಂಡಿತು. ಅದೇ ಹಣೆ, ಅದೇ ಮೊಂಡು ಗಲ್ಲ, ನನ್ನ ತಂಗಿಯದೇ ಪಡಿಯಚ್ಚು. ಹಿಂದೆ ಪಕ್ಕದ ಮನೆ ಹೆಂಗಸು ಕೈ ಕಟ್ಕೊಂಡು ಕೂತಿದ್ದಳು. ಪಕ್ಕದಲ್ಲಿ ಅಧಿಕಾರಿಣಿ, ಮೂಲೇಲಿ ದುಭಾಷಿ.

ನಾನು ಶುರು ಮಾಡಿದೆ. ಫೋನ್ ಎತ್ತಿ ಹಿಡಿದು ಕೋಣೆ ತೋರಿಸಿದೆ. ಕಾಸಾ. ಕಾಮಾ. ವೆಂತಾನಾ ಗ್ರಾಂದೆ, ದೊಡ್ಡ ಕಿಟಕಿ. ಮಾಂತಾ ರೋಹಾ, ಕೆಂಪು ಹೊದಿಕೆ. ಮಗು ಮುಂದಕ್ಕೆ ಬಾಗಿ ನೋಡ್ತು. ಫ್ರಾಕು ಎತ್ತಿ ತೋರಿಸಿದೆ, ವೆಸ್ತಿದೊ ರೋಹೊ. ಅದು ತನ್ನ ಎದೆ ಮೇಲೆ ಬೆರಳಿಟ್ಕೊಂಡು ಹುಬ್ಬೇರಿಸ್ತು, ನನಗಾ ಅನ್ನೋ ಹಾಗೆ. ನಾನು ಹೌದು ಹೌದು ಅಂತ ತಲೆ ಆಡಿಸಿದೆ. ಸಣ್ಣಗೆ ನಕ್ಕಿತು. ಅಧಿಕಾರಿಣಿಯೂ ನಕ್ಕಳು. ನನ್ನ ಜೀವ ಹೂವಾಯ್ತು.

ಆಮೇಲೆ ಮಗು ಮಾತಾಡ್ತು. ಉದ್ದಕ್ಕೆ, ಒಂದೇ ಉಸಿರಿಗೆ. ನನಗೆ ಸಿಕ್ಕಿದ್ದು ನಾಮಪದ ಮಾತ್ರ. ಅಮ್ಮ, ರಾತ್ರಿ, ಮನೆ, ಬಾಗಿಲು. ಅಮ್ಮ ಏನು ಮಾಡಿದಳು, ಬಾಗಿಲು ಏನಾಯ್ತು, ಒಂದೂ ತಿಳೀಲಿಲ್ಲ. ಮಗು ಕಾಯ್ತು. ಮತ್ತೆ ಅದನ್ನೇ ಹೇಳ್ತು, ಈ ಸಲ ನಿಧಾನಕ್ಕೆ, ನಾನು ಕಿವುಡಿ ಅನ್ನೋ ಹಾಗೆ. ನಾನು "ಕಾಸಾ, ಕಾಸಾ ಗ್ರಾಂದೆ" ಅಂದೆ. ಅದರ ಕಣ್ಣು ತುಂಬಿತು.

ನನಗೆ ಆಗ ಹೇಳಬೇಕಾಗಿದ್ದು ಒಂದೇ ಮಾತು. ತಲೆಯೆಲ್ಲ ತಡಕಾಡಿದೆ. ಮಂಚ ಇತ್ತು, ಬೂಟು ಇತ್ತು, ಕೆಂಪು, ಬಿಳಿ, ದೊಡ್ಡದು, ನಾನು, ನೀನು, ಎಲ್ಲ ಇತ್ತು. ಆ ಒಂದು ಮಾತಿರಲಿಲ್ಲ. ತಡೆಯೋಕಾಗದೆ ಕನ್ನಡದಲ್ಲೇ ಅಂದುಬಿಟ್ಟೆ, "ಅಳಬೇಡ ಕಂದಾ, ಬರ್ತೀನಿ."

ಮಗುವಿನ ಮುಖ ಬಿಳುಚಿಕೊಳ್ತು. "ಬೇಡ" ಅಂತು. ಅಚ್ಚ ಕನ್ನಡ, ನನ್ನ ತಂಗಿಯ ರಾಗ. ಎಲ್ಲರೂ ತಿರುಗಿ ನೋಡಿದ್ರು. ನನಗೋ ಖುಷಿಯಲ್ಲಿ ಮೈಮೇಲೆ ಪ್ರಜ್ಞೆ ಇರಲಿಲ್ಲ. ನನ್ನ ತಂಗಿ ನಮ್ಮ ಮಾತು ಕಲಿಸಿದ್ದಾಳೆ, ಇಷ್ಟು ದಿನ ನಾನು ಸುಮ್ಮನೆ ಒದ್ದಾಡಿದೆ. "ಅಯ್ಯೋ ಪುಟ್ಟಿ, ನಿನಗೆ ನಮ್ಮ ಮಾತು ಬರುತ್ತಾ? ಬರ್ತೀನಮ್ಮ. ಬೇಗ ಬರ್ತೀನಿ, ಖಂಡಿತ ಬರ್ತೀನಿ."

ಅದು ಕಿರುಚಿಕೊಂಡು ಕುರ್ಚಿಯಿಂದ ಜಾರಿ ಮೇಜಿನ ಕೆಳಗೆ ನುಗ್ಗಿ ಎರಡೂ ಕಿವಿ ಮುಚ್ಕೊಳ್ತು. ಆ ಹೆಂಗಸು ನೆಲದ ಮೇಲೆ ಮಂಡಿಯೂರಿ ಎಳಕೊಂಡಳು. ಮಗು ಅವಳ ಕುತ್ತಿಗೆಗೆ ಅಂಟಿಕೊಂಡಿದ್ದನ್ನ ನಾನು ನೋಡಿದೆ. ನೋಡಬಾರದಿತ್ತು, ನೋಡಿದೆ.

ಆಮೇಲೆ ದುಭಾಷಿಗೆ ಬಾಯಿ ಬಂತು, ಮಗು ಬಿಕ್ಕುತ್ತಾ ಆ ಹೆಂಗಸಿಗೆ ಹೇಳಿದ್ದನ್ನ ನನಗೆ ತಿಳಿಸಿದ. ತಾಯಿಯನ್ನ ಆಸ್ಪತ್ರೆಗೆ ಕರ್ಕೊಂಡು ಹೋಗುವಾಗ ಅವಳು ಬಾಗಿಲಲ್ಲಿ ನಿಂತು ಇದೇ ಮಾತು ಹೇಳಿದ್ಲಂತೆ. ಬೇಗ ಬರ್ತೀನಿ ಪುಟ್ಟಿ ಅಂತ. ಆಮೇಲೆ ಮಗು ಕನ್ನಡದ ಒಂದು ಪದವನ್ನೂ ಬಾಯಿಂದ ತೆಗೆದಿಲ್ಲವಂತೆ. ಅದಕ್ಕೇ ಯಾರಿಗೂ ಗೊತ್ತಿರಲಿಲ್ಲ.

"ಮತ್ತೆ ನನ್ನನ್ನ ಕೇಳಿದ್ದೇನು? ಎರಡು ಸಲ ಕೇಳ್ತಲ್ಲ."

ದುಭಾಷಿ ತನ್ನ ಕಾಗದ ನೋಡಿ ಹೇಳಿದ. "ನಾನು ನಿಮ್ಮನೆಗೆ ಬಂದುಬಿಟ್ರೆ, ಅಮ್ಮ ರಾತ್ರಿ ಮನೆಗೆ ಬಂದಾಗ ಬಾಗಿಲು ತೆಗೆಯೋರು ಯಾರು ಅಂತ ಕೇಳ್ತು."

ಮಗುವನ್ನ ಆ ಹೆಂಗಸಿಗೇ ಒಪ್ಪಿಸಿದ್ರು. ನಾನಿನ್ನು ಪರದೆ ಮೇಲೂ ಕಾಣಿಸ್ಕೋಬಾರದು, ದೊಡ್ಡವಳಾದ ಮೇಲೆ ಅವಳಾಗೇ ಕೇಳಿದ್ರೆ ಆಗ ನೋಡೋಣ ಅಂದ್ರು. ತಪ್ಪು ಅವರದು ಅನ್ನೋಕೆ ಬಾಯಿ ಬರಲ್ಲ, ಹೊಟ್ಟೆ ಮಾತ್ರ ಉರೀತಾನೇ ಇದೆ.

ಮುಂದಿನ ವಾರ ಮೇಷ್ಟ್ರ ಕೋಣೆಗೆ ಹೋದೆ. ಅವರಿಗೆ ನನ್ನ ಮುಖ ನೋಡೋಕಾಗ್ತಿರಲಿಲ್ಲ. ಪುಸ್ತಕ ತೆಗೆದು, ಐದನೇ ಪಾಠ, ಮೊದಲನೇ ಪದ ವೆನಿರ್ ಅಂತ ಓದಿದ್ರು.

"ಅಂದ್ರೆ?"

"ಬರೋದು."

"ಅದು ಬೇಡ ಮೇಷ್ಟ್ರೇ. ಮುಂದಿನದು ಹೇಳಿ."