ಕೊಟ್ಟ ಹೆಸರು

"ತಿರುಗಿ ಕೊಡ್ಲಾಕ ಬಂದೀರಿ?" ಎಂದು ಕೇಳಿ ಅಕ್ಬರಬಿ ಕನ್ನಡಕವನ್ನು ಮೂಗಿನ ಮೇಲೆ ಏರಿಸಿಕೊಂಡಳು. ಹೊಲಿಸಿಕೊಂಡು ಹೋದ ಕುಪ್ಪಸ ಬಿಗಿಯಾಯಿತೆಂದು ವಾಪಸು ತಂದವರನ್ನು ದರ್ಜಿ ನೋಡುವ ಹಾಗೆ, ಮೊದಲು ತಾಯಿಯನ್ನು ನೋಡಿದಳು, ಆಮೇಲೆ ಮಗನನ್ನು.

"ನಾ ಬಂದಿಲ್ಲ ಚಾಚಿ, ಇಂವಾ ಕರಕೊಂಡ ಬಂದಾನ" ಎಂದಳು ಗುರುಬಾಯಿ. "ನಾ ಅಂತೂ ಬ್ಯಾಡ ಅಂತೀನಿ."

ಇದು ಪೂರ್ತಿ ನಿಜವಲ್ಲ. ಚೆಂಬೂರಿನಿಂದ ಬೈಕುಲ್ಲಾದ ಈ ಚಾಳಿಗೆ ಬರಬೇಕೆಂಬುದು ಅವಳದೇ ಷರತ್ತಾಗಿತ್ತು. ಹೆಸರು ಬದಲಿಸಲು ಸರಕಾರವನ್ನು ಕೇಳುವ ಮೊದಲು ಪೀರನನ್ನು ಕೇಳಬೇಕು. ಪೀರನಿದ್ದದ್ದು ಇಂಡಿ ತಾಲೂಕಿನ ಒಂದು ಹಳ್ಳಿಯಲ್ಲಿ, ಬೇವಿನ ಮರದ ಕೆಳಗಿನ ಹಸಿರು ಬಟ್ಟೆಯ ಗೋರಿಯಲ್ಲಿ. ಆದರೆ ಆ ದರ್ಗಾದ ಸೇವೆ ಮಾಡುವ ಮುಜಾವರರ ಮನೆಗೆ ಸೊಸೆಯಾಗಿ ಬಂದಿದ್ದ ಅಕ್ಬರಬಿ ಹದಿನೈದು ವರ್ಷದಿಂದ ಬೈಕುಲ್ಲಾದಲ್ಲಿದ್ದಳು. ಲೋಕಲ್ಲಿನ ಟಿಕೇಟಿನಲ್ಲಿ ಮುಗಿಯುವ ಕೆಲಸಕ್ಕೆ ಇಂಡಿಯವರೆಗೆ ಹೋಗುವುದು ಯಾರಿಗೂ ಬೇಡವಾಗಿತ್ತು. ಪೀರನಿಗೂ ಬೇಕಾಗಿರಲಿಲ್ಲ ಎಂದು ನಂಬಲಾಗಿತ್ತು.

ಹುಡುಗನ ಹೆಸರು ಪೀರಸಾಬ. ಮುಂಬಯಿಯ ಪದ್ಧತಿಯಂತೆ ಅಪ್ಪನ ಹೆಸರು ಮತ್ತು ಅಡ್ಡಹೆಸರನ್ನು ಸೇರಿಸಿದರೆ ಪೀರಸಾಬ ಹಣಮಂತ ಬಿರಾದಾರ. ಊರಲ್ಲಿ ಇದು ಯಾರ ಹುಬ್ಬನ್ನೂ ಏರಿಸುವಂಥದಾಗಿರಲಿಲ್ಲ. ಹುಟ್ಟಿದ ಕೂಸು ಉಳಿಯದ ಹಿಂದೂಗಳು ಪೀರನಿಗೆ ಹರಕೆ ಹೊತ್ತು ಅವನ ಹೆಸರಿಡುತ್ತಿದ್ದರು. ಅವರ ಓಣಿಯಲ್ಲೇ ಮೂವರು ಪೀರಸಾಬರಿದ್ದರು, ಅವರಲ್ಲೊಬ್ಬ ಹನುಮಪ್ಪನ ಗುಡಿಯ ಪೂಜಾರಿ. ಮುಂಬಯಿಗೆ ಈ ವಿಷಯವನ್ನು ಯಾರೂ ತಿಳಿಸಿರಲಿಲ್ಲ. ಇಲ್ಲಿ ಹೆಸರಿನ ಮೊದಲರ್ಧ ಓದಿದವರು ಒಮ್ಮೆ ತಲೆಯೆತ್ತುತ್ತಿದ್ದರು, ಎರಡನೆಯ ಅರ್ಧ ಓದಿ ಇನ್ನೊಮ್ಮೆ ಎತ್ತುತ್ತಿದ್ದರು. ರಮಜಾನಿನಲ್ಲಿ ಅಂಗಡಿಯವನೊಬ್ಬ ಕೈತುಂಬ ಖರ್ಜೂರ ಕೊಟ್ಟು, ಇವನ ಮಣಿಕಟ್ಟಿನ ಕೆಂಪು ದಾರ ಕಂಡೊಡನೆ ಮೋಸ ಹೋದವನಂತೆ ನೋಡಿದ್ದ. ಗೋಕುಲಾಷ್ಟಮಿಗೆ ಒಬ್ಬರ ಹೆಗಲ ಮೇಲೊಬ್ಬರು ಹತ್ತಿ ಮೊಸರುಗಡಿಗೆ ಒಡೆಯುವ ತಂಡದಲ್ಲಿ ಮೂರನೆಯ ಸಾಲಿನಲ್ಲಿ ನಿಲ್ಲುತ್ತಿದ್ದ ಅವನಿಗೆ, ವಿಮೆಗಾಗಿ ಎಲ್ಲರ ಹೆಸರು ಓದಿದ ದಿನದಿಂದ ನೀರಿನ ಬಾಟಲಿ ಹಿಡಿದುಕೊಳ್ಳುವ ಕೆಲಸ ಬಂತು. ಯಾರೂ ಬೈಯಲಿಲ್ಲ. "ತೂ ಥೋಡಾ ಭಾರೀ ಹೋ ಗಯಾ ಹೈ" ಎಂದು ತೂಕದ ನೆಪವಷ್ಟೇ ಹೇಳಿದರು. ಅವನು ಮನೆಗೆ ಬಂದು ಕನ್ನಡಿಯಲ್ಲಿ ಹೊಟ್ಟೆ ನೋಡಿಕೊಂಡ. ಹೊಟ್ಟೆ ಇರಲಿಲ್ಲ.

ಅವನ ಕಾಲೊನಿಯ ವಾಚನಾಲಯದಲ್ಲಿ ರಂಜನಾ ಎಂಬ ಮೇಡಂ ಶನಿವಾರಗಳಂದು ಹುಡುಗರಿಗೆ ಪುಸ್ತಕ ಕೊಡುತ್ತಿದ್ದರು. ಎಲ್ಲವೂ ಮನಸ್ಸು ಕೆಟ್ಟ ಹುಡುಗರ ಕಾದಂಬರಿಗಳು. ನಾಯಕನಿಗೆ ಹದಿನಾರು ತುಂಬುತ್ತಲೇ ನಾನು ಯಾರು ಎಂಬ ಪ್ರಶ್ನೆ ಬೀಳುತ್ತದೆ. ಅವನು ಕೋಣೆಯ ಬಾಗಿಲು ಧಡಾರನೆ ಹಾಕಿಕೊಳ್ಳುತ್ತಾನೆ, ಯಾರಿಗೂ ಹೇಳದೆ ಬಸ್ಸು ಹತ್ತುತ್ತಾನೆ, ಕೊನೆಯ ಪುಟಗಳಲ್ಲಿ ಯಾವುದಾದರೊಂದು ನೀರಿನ ದಂಡೆಯಲ್ಲಿ ನಿಂತು ಉತ್ತರ ಪಡೆಯುತ್ತಾನೆ. ಪೀರಸಾಬ ಇವನ್ನೆಲ್ಲ ಬಿಡದೆ ಓದಿದ. ಆದರೆ ಅವನ ಖೋಲಿಯಲ್ಲಿ ಧಡಾರನೆ ಹಾಕಿಕೊಳ್ಳಲು ಒಳಬಾಗಿಲು ಇರಲಿಲ್ಲ. ಇದ್ದದ್ದು ಒಂದು ಪರದೆ, ಅದನ್ನು ಎಷ್ಟು ಸಿಟ್ಟಿನಿಂದ ಎಳೆದರೂ ಸದ್ದಾಗುತ್ತಿರಲಿಲ್ಲ. ಒಮ್ಮೆ ಬಾಂದ್ರಾಕ್ಕೆ ಹೋಗಿ ಸಮುದ್ರದೆದುರು ನಿಂತೂ ನೋಡಿದ. ಸ್ವಲ್ಪ ಹೊತ್ತಿಗೆ ಪೊಲೀಸನೊಬ್ಬ ಬಂದು ಹೆಸರು ಕೇಳಿದ.

ರಂಜನಾ ಮೇಡಂ ತಾವೇ ಅಂಥದೊಂದು ಕಾದಂಬರಿ ಬರೆಯುತ್ತಿದ್ದರು. ಇವನ ಕಥೆ ಕೇಳಿ ಅವರ ಮುಖ ಅರಳಿತು. ಹೆಸರು ಮಾತ್ರ ಬದಲಿಸಬೇಡ, ಎಲ್ಲ ಇರುವುದು ಅದರಲ್ಲೇ ಎಂದರು.

"ಕಹಾನೀ ಮೇ ರಖ್ ಲೋ ಮೇಡಂ" ಎಂದು ಹೆಸರನ್ನು ಅವರ ಕಥೆಗೇ ಬಿಟ್ಟುಕೊಟ್ಟ ಅವನು. "ಮೇರೆ ಕೋ ನಹೀ ಚಾಹಿಯೇ."

ಅವನಿಗೆ ಬೇಕಾಗಿದ್ದದ್ದು ರೋಹನ್. ಅವನ ಕಾಲೇಜಿನಲ್ಲೇ ನಾಲ್ಕು ರೋಹನ್‌ಗಳಿದ್ದರು, ಒಬ್ಬನನ್ನೂ ಯಾರೂ ಎರಡನೆಯ ಸಲ ನೋಡುತ್ತಿರಲಿಲ್ಲ. ಹದಿನೆಂಟು ತುಂಬಿದೊಡನೆ ಗೆಜೆಟ್ಟಿನಲ್ಲಿ ಹಾಕಿಸುತ್ತೇನೆ ಎಂದು ಮನೆಯಲ್ಲಿ ಹೇಳಿದ. ಸೆಂಟ್ರಿಂಗ್ ಕೆಲಸದ ಅಪ್ಪ ಹಣಮಂತ, "ಏನರೆ ಇಟ್ಕೊ. ಹೆಸರ ನೋಡಿ ಸಿಮೆಂಟ ಗಟ್ಟಿ ಆಗೂದಿಲ್ಲ" ಎಂದು ಮಗ್ಗುಲಾದ. ಗುರುಬಾಯಿ ಮರುದಿನದಿಂದ ಮಗ ರಸ್ತೆ ದಾಟಿ ಬಸ್ಸು ಹತ್ತುವವರೆಗೂ ಗಲ್ಲಿಯ ತುದಿಯಲ್ಲಿ ನಿಂತು ನೋಡತೊಡಗಿದಳು. ಒಂದು ಸಣ್ಣ ಕೆಮ್ಮು ಬಂದರೆ ಅವನ ಹಣೆ ಮುಟ್ಟಿ ನೋಡಿದಳು. ಕೊನೆಗೆ ಈ ಷರತ್ತು.

ಅಕ್ಬರಬಿಯ ಖೋಲಿ ಎರಡನೆಯ ಮಾಳಿಗೆಯಲ್ಲಿತ್ತು. ಕೆಳಗೆ ತರಕಾರಿ ಮಾರ್ಕೆಟ್ಟಿನ ಕೈಗಾಡಿಗಳನ್ನು ಸಾಲಾಗಿ ಸರಪಳಿ ಹಾಕಿ ನಿಲ್ಲಿಸಿದ್ದರು. ಅವಳ ಮೊಮ್ಮಗ ಅಕೀಲ, ಇವನದೇ ವಯಸ್ಸಿನವನು, ಸೂರಿನಡಿಯ ಅಟ್ಟದಂಥ ಮಾಳಾದ ಮೇಲೆ ಅಂಗಾತ ಮಲಗಿ ಮೊಬೈಲು ನೋಡುತ್ತಿದ್ದ.

"ಹೊಸಾ ಹೆಸರ ಏನ ಬೇಟಾ?" ಎಂದು ಅಕ್ಬರಬಿ ಕೇಳಿದಳು.

"ರೋಹನ್."

"ಅಂದ್ರ ಏನ?"

ಅವನಿಗೆ ಗೊತ್ತಿರಲಿಲ್ಲ. "ಅಂದ್ರ... ಏನಿಲ್ಲ ದಾದಿ. ಎಲ್ಲಾರ್ದೂ ಇರ್ತದಲ್ಲ, ಹಂಗ."

"ಇಟ್ಟಾವ್ರು ಯಾರು?"

"ಮೈ ಖುದ್. ನಾನ."

"ಹೌ?" ಅಕ್ಬರಬಿ ಎಲೆಯಡಿಕೆಯ ಚೀಲ ಬಿಚ್ಚಿದಳು. "ತನ್ನ ತೊಟ್ಟಲಾ ತಾನ ತೂಗಿಕೊಂಡಾವನ್ನ ಇವತ್ತ ನೋಡಿದ್ನಿ."

ಮೇಲಿನಿಂದ ಅಕೀಲ ಕತ್ತು ಹಾಕಿದ. "ಬೇಕಾದ್ರ ನನ್ನ ಹೆಸರ ತೊಗೊ ಭಾಯ್. ಫ್ರೀ."

"ನಿನಗೆ ಏನ್ ತ್ರಾಸ್ ಅದ?" ಎಂದ ಪೀರಸಾಬ ತುಸು ಕೆರಳಿ. "ನನಗ ಎಲ್ಲಾರೂ ದೋ ದೋ ಬಾರ್ ಕೇಳ್ತಾರ."

"ನಿನಗ ಎರಡ ಸಲ ಕೇಳ್ತಾರ. ನನಗ ಒಂದ ಸಲಾನ ಸಾಕಾಗ್ತದ ಅವರಿಗೆ" ಎಂದು ಹೇಳಿ ಅಕೀಲ ಮತ್ತೆ ಮೊಬೈಲಿಗೆ ಮರಳಿದ.

ಗುರುಬಾಯಿ ಈ ಮಾತುಗಳನ್ನು ಕೇಳುತ್ತಿರಲಿಲ್ಲ. ಅವಳು ಅಕ್ಬರಬಿಯ ಬಾಯಿಯನ್ನೇ ನೋಡುತ್ತಿದ್ದಳು. "ಇವನ ಮುಂದ ಎರಡ ಹ್ವಾದು ಚಾಚಿ. ನಿಮಗ ಗೊತ್ತದ."

"ನನ್ನ ಕೈಯಾಗ ಹ್ವಾದು. ಗೊತ್ತಿರಲಾರದ ಏನ."

ಎರಡು ಹೋದವು ಎಂಬುದು ಪೀರಸಾಬನಿಗೂ ಗೊತ್ತಿತ್ತು. ಊರ ಕಡೆ ಬಾವಿ ಬತ್ತಿತು ಎನ್ನುವ ಧಾಟಿಯಲ್ಲಿ ಆ ಮಾತನ್ನು ಕೇಳುತ್ತಲೇ ಬೆಳೆದಿದ್ದ. ಆ ಎರಡಕ್ಕೂ ಏನೆಂದು ಕರೆಯುತ್ತಿದ್ದರು ಎಂಬ ಪ್ರಶ್ನೆ ಮಾತ್ರ ಅವನಿಗೆ ಈಗ, ಈ ಖೋಲಿಯಲ್ಲಿ, ಮೊದಲ ಸಲ ಬಂತು. ಕೇಳಿದ.

ಗುರುಬಾಯಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು. "ಚಲೋ ಹೆಸರ ಇಟ್ಟಿದ್ನಿ" ಎಂದಳು. "ಎರಡಕ್ಕೂ ಭಾಳ ಚಲೋ ಹೆಸರಿದ್ದುವು."

ಇನ್ನೂ ಏನಾದರೂ ಹೇಳಬಹುದೆಂದು ಅವನು ಕಾದ. ಅವಳು ಅಕ್ಬರಬಿಯ ಕಡೆ ತಿರುಗಿದಳು.

ಅಕ್ಬರಬಿ ಸುಣ್ಣ ಹಚ್ಚಿದ ಎಲೆ ಮಡಿಚಿ ದವಡೆಗಿಟ್ಟುಕೊಂಡು ತೀರ್ಪು ಹೇಳಿದಳು. ಹೆಸರು ಬಿಡಬಹುದು. ಪೀರನೇನು ಸಾಹುಕಾರನಲ್ಲ, ಕೊಟ್ಟದ್ದನ್ನು ಬರೆದಿಟ್ಟುಕೊಳ್ಳುವುದಿಲ್ಲ. "ಖರೆ, ಹೆಸರ ನೆಲದ ಮ್ಯಾಲ ಇಟ್ಟ ಹೋಗ್ಲಾಕ ಬರೂದಿಲ್ಲ. ಯಾರದರೆ ಕೈಯಾಗ ಕೊಟ್ಟ ಹೋಗಬೇಕು."

"ಯಾರ್ ತೊಗೋತಾರ ಇದನ್ನ?" ಎಂದ ಪೀರಸಾಬ. ಅವನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು.

"ತೊಗೊಳ್ಳಾವ್ರು ವಾರದಿಂದ ನನ್ನ ಬಾಗಲಾ ಬಡೀಲಾಕತ್ತಾರ." ಅವಳು ಮಾಳಾದ ಕಡೆ ಮುಖವೆತ್ತಿದಳು. "ಅಕೀಲಾ, ಆ ಫೋನ ಇಡು. ಕೆಳಗ ಕಾಶಪ್ಪಗ ಹೋಗಿ ಹೇಳು, ಮಗಳನ್ನ ಕರಕೊಂಡ ಬಾ ಅಂತ."

ಹೆಸರನ್ನು ನೆಲಕ್ಕಿಡಬಾರದೆಂಬ ನಿಯಮ ಹಿಂದಿನಿಂದಲೂ ಇತ್ತೋ, ಆ ಮಧ್ಯಾಹ್ನವೇ ಹುಟ್ಟಿತೋ ಹೇಳಬಲ್ಲವರು ಅಲ್ಲಿ ಯಾರೂ ಇರಲಿಲ್ಲ.

ಕಾಶಪ್ಪ ಮಾರ್ಕೆಟ್ಟಿನಲ್ಲಿ ಕೈಗಾಡಿ ಎಳೆಯುವವನು, ಅದೇ ಇಂಡಿ ಕಡೆಯವನು. ಹೊಸ್ತಿಲ ಹೊರಗೇ ಚಪ್ಪಲಿಯ ಪಕ್ಕ ಕುಳಿತ. ಮಗಳು ನಿಂಬೆವ್ವ ಒಳಗೆ ಬಂದಳು. ಇಪ್ಪತ್ತರ ಆಸುಪಾಸಿನ ಹುಡುಗಿ, ಎದೆಗೆ ಕೌದಿಯ ಗಂಟು. ಆ ಗಂಟಿನೊಳಗೆ ಕೂಸಿದೆ ಎಂದು ನಂಬಬೇಕಿತ್ತು. ದೊಡ್ಡಾಸ್ಪತ್ರೆಯ ಗಾಜಿನ ಪೆಟ್ಟಿಗೆಯಿಂದ ತೆಗೆದು ಕೊಟ್ಟು ಕಳಿಸಿದ್ದರು. ಹಾಲು ಕುಡಿಯಲು ಶಕ್ತಿಯಿಲ್ಲ, ಅಳಲೂ ಇಲ್ಲ. ಇನ್ನೂ ಹೆಸರಿಟ್ಟಿರಲಿಲ್ಲ. ಹೆಸರಿಟ್ಟರೆ ಆಮೇಲೆ ಆ ಹೆಸರು ಹಿಡಿದು ಅಳಬೇಕಾಗುತ್ತದೆ ಎಂದು ಕಾಶಪ್ಪನೇ ಬೇಡ ಅಂದಿದ್ದನಂತೆ.

"ಇವನೇನ್ರಿ ಪೀರ ಉಳಿಸಿದ ಹುಡುಗ?" ಎಂದು ನಿಂಬೆವ್ವ ಕೇಳಿದಳು. ಪೀರಸಾಬನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅವನ ಭುಜ, ತೋಳು, ಆಗಷ್ಟೇ ಮೂಡುತ್ತಿದ್ದ ಮೀಸೆ. ಅವನನ್ನು ಹಾಗೆ, ಸಂಶಯವಿಲ್ಲದೆ, ಬರಿಯ ಆಸೆಯಿಂದ ಈ ಊರಲ್ಲಿ ಯಾರೂ ನೋಡಿರಲಿಲ್ಲ. "ಇಷ್ಟ ದೊಡ್ಡಾಂವ ಆಗ್ಯಾನ" ಎಂದಳು.

ಅವನು ಅಂಗಿಯ ತೋಳನ್ನು ಕೆಳಗೆಳೆದುಕೊಂಡ.

ಅಕ್ಬರಬಿ ಕೆಂಡಕ್ಕೆ ಲೋಬಾನದ ಧೂಪ ಹಾಕಿ, ವಾಟಗದ ಬಟ್ಟಲಲ್ಲಿ ಸಕ್ಕರೆ ಇಟ್ಟುಕೊಂಡು ಕಣ್ಣು ಮುಚ್ಚಿ ಪ್ರಾರ್ಥನೆ ಓದಿದಳು. ಆಮೇಲೆ ಕಣ್ಣು ತೆರೆದು, ಎಲೆಕ್ಟ್ರಿಕ್ ಬಿಲ್ಲಿನ ವಿಷಯ ಹೇಳುವಷ್ಟೇ ಸಾದಾ ದನಿಯಲ್ಲಿ ಹೇಳಿದಳು. "ಕೊಟ್ಟ ಮ್ಯಾಲ ತಿರುಗಿ ಕೇಳಂಗಿಲ್ಲ. ಗುರುಬಾಯಿ, ನಿನಗೂ ಹೇಳ್ತೀನಿ. ಇವತ್ತಿನಿಂದ ಇವನ್ನ ಆ ಹೆಸರಲೆ ಕರೀಬ್ಯಾಡ. ಕರದ್ರ ಕೂಸಿನ ಕೈಯಾಂದ ಕಸಗೊಂಡಂಗ ಆಗ್ತದ."

"ಮತ್ತ ಇಂವಗ ಏನರೆ ಆದ್ರ?" ಗುರುಬಾಯಿಯ ದನಿ ಸಣ್ಣಗಾಗಿತ್ತು.

"ಹದಿನೇಳ ವರ್ಷ ಪೀರ ಕಾದಾನ. ಇನ್ನ ಮೀಸಿ ಬಂದಾವ, ತನ್ನ ತಾನ ಕಾಯ್ಕೊಳ್ಲಿ."

"ಮತ್ತ ಅದಕ್ಕ ಏನರೆ ಆದ್ರ?" ಎಂದ ಪೀರಸಾಬ ಕೌದಿಯ ಗಂಟು ತೋರಿಸಿ.

ನಿಂಬೆವ್ವ ಗಂಟನ್ನು ಎದೆಗೆ ಒತ್ತಿಕೊಂಡಳು. ಅಕ್ಬರಬಿ ಎಲೆಯಡಿಕೆಯನ್ನು ಇನ್ನೊಂದು ದವಡೆಗೆ ಸರಿಸಿದಳು. "ನಿನ್ನ ಕೆಲಸ ಕೊಡೂದು" ಎಂದಳು. "ಕಿವ್ಯಾಗ ಮೂರ ಸಲ ಹೇಳು."

ಅವನು ಮೊಣಕಾಲೂರಿ ಕುಳಿತ. ನಿಂಬೆವ್ವ ಕೌದಿ ಸರಿಸಿದಳು. ಕಿವಿ ಅಲ್ಲಿತ್ತು, ಹೆಬ್ಬೆರಳಿನ ಉಗುರಿನಷ್ಟು, ಅಂಚಿನಲ್ಲಿ ಇನ್ನೂ ರೋಮವಿತ್ತು. ಅವನು ಬಾಗಿ ಬಾಯಿ ತೆರೆದು ಹಾಗೇ ಉಳಿದ. ಕೆಳಗಿನ ಗಲ್ಲಿಯಲ್ಲಿ ಯಾರೋ ಕೈಗಾಡಿಯ ಸರಪಳಿ ಬಿಚ್ಚುತ್ತಿದ್ದರು. ಹೊಸ್ತಿಲಾಚೆ ಕಾಶಪ್ಪ ಎದ್ದು ನಿಂತ.

ಪೀರಸಾಬ, ಎಂದ ಅವನು. ಆ ಹೆಸರನ್ನು ಇಷ್ಟು ಮೆಲ್ಲಗೆ ಹೇಳುವುದು ಅವನಿಗೆ ಹೊಸದಲ್ಲ. ಕಾಲೇಜಿನ ಕಿಟಕಿಯಲ್ಲಿ, ಬ್ಯಾಂಕಿನಲ್ಲಿ, ಪೊಲೀಸನೆದುರು ಹೀಗೆಯೇ ಹೇಳುತ್ತಿದ್ದ. ಇಲ್ಲಿ ಮಾತ್ರ ಯಾರೂ 'ಕ್ಯಾ?' ಎಂದು ಕೇಳಲಿಲ್ಲ. ಎರಡನೆಯ ಸಲ ಹೇಳಿದ. ಮೂರನೆಯ ಸಲಕ್ಕೆ ದನಿ ಒಡೆದು ಖೋಲಿಗೆಲ್ಲ ಕೇಳಿಸಿತು. ಕೂಸು ಮೂಗು ಸೊಟ್ಟ ಮಾಡಿತು. ಅಷ್ಟಕ್ಕೇ ನಿಂಬೆವ್ವ ತಂದೆಯ ಕಡೆ ತಿರುಗಿ, "ಕೇಳಸ್ತ ನೋಡಪಾ ಅದಕ್ಕ" ಎಂದಳು.

ಅಕ್ಬರಬಿ ಎಲ್ಲರ ಅಂಗೈಗೂ ಸಕ್ಕರೆ ಹಾಕಿದಳು. ಗುರುಬಾಯಿ ಮಗನೊಡನೆ ಹೊರಟಾಗ ನಿಂಬೆವ್ವ ಕೂಸಿನೊಡನೆ ಪಿಸುಗುಡುತ್ತಿದ್ದಳು, ಪೀರಸಾಬಾ, ಪೀರಸಾಬಾ ಎಂದು. ಹುಡುಗ ಬಾಗಿಲಲ್ಲಿ ಒಮ್ಮೆ ತಿರುಗಿದ. ಆಮೇಲೆ ಚಪ್ಪಲಿ ಹಾಕಿಕೊಂಡ.

ಸ್ಟೇಷನ್ನಿನವರೆಗೂ ಗುರುಬಾಯಿ ಮಗನ ಒಂದು ಹೆಜ್ಜೆ ಹಿಂದೆ ನಡೆದಳು. ರಸ್ತೆ ದಾಟುವಾಗ ಮಾತ್ರ ಅವನ ಅಂಗಿಯ ತುದಿ ಹಿಡಿದಿದ್ದಳು. ಭಾನುವಾರ, ಹಳಿ ರಿಪೇರಿಗೆಂದು ಗಾಡಿಗಳನ್ನು ಕಡಿಮೆ ಮಾಡುವ ಮೆಗಾ ಬ್ಲಾಕು. ತಡವಾಗಿ ಬಂದ ಗಾಡಿಗೆ ಎರಡು ಗಾಡಿಯ ಜನ. ಗರ್ದಿಯಲ್ಲಿ ಕಳ್ಳರಿರುತ್ತಾರೆಂದು ಅವಳು ತನ್ನ ಫೋನನ್ನೂ ಅವನ ಕಿಸೆಗೆ ಹಾಕಿ ಹೆಂಗಸರ ಡಬ್ಬಿಗೆ ಹತ್ತಿದಳು. ಅವನು ಹಿಂದಿನ ಡಬ್ಬಿಯ ಬಾಗಿಲಲ್ಲಿ ಜೋತುಕೊಂಡ.

ಚೆಂಬೂರಿಗೆ ಹೋಗಲು ಕುರ್ಲಾದಲ್ಲಿ ಗಾಡಿ ಬದಲಿಸಬೇಕು. ಅವನ ಡಬ್ಬಿಯ ಜನ ಒಟ್ಟಾಗಿ ಇಳಿದು ಒಟ್ಟಾಗಿ ಸೇತುವೆಯ ಮೆಟ್ಟಿಲು ಹತ್ತಿದರು. ಅವನ ಕಾಲು ಅರ್ಧ ಮೆಟ್ಟಿಲವರೆಗೆ ನೆಲ ಮುಟ್ಟಲಿಲ್ಲ. ಅಲ್ಲಿ ಕಂಬಿ ಹಿಡಿದು ನಿಂತು ಕೆಳಗೆ ನೋಡಿದ. ಪ್ಲಾಟ್‌ಫಾರ್ಮಿನ ನಡುವೆ, ಜನ ಎರಡು ಕಡೆಯಿಂದ ಹಾಯ್ದು ಹೋಗುತ್ತಿರುವಲ್ಲಿ, ಅವ್ವ ನಿಂತಿದ್ದಳು. ಹಿಂದಿನ ಡಬ್ಬಿಗಳ ಕಡೆ ನೋಡಿದಳು. ಹಳಿಯ ಕಡೆ ನೋಡಿದಳು. ಗಾಡಿ ಹೊರಟುಹೋಯಿತು. ಅವಳು ಚೀಲವನ್ನು ಕಾಲಸಂದಿಯಲ್ಲಿ ಇಟ್ಟುಕೊಂಡು, ಹೊಲದಾಚೆ ಇದ್ದವರನ್ನು ಕರೆಯುವಾಗಿನ ಹಾಗೆ ಎರಡೂ ಅಂಗೈಯನ್ನು ಬಾಯಿಗೆ ಗೋಡೆ ಮಾಡಿದಳು. ಕತ್ತಿನ ನರ ಉಬ್ಬಿದ್ದು ಮೇಲಿನಿಂದಲೂ ಕಾಣುತ್ತಿತ್ತು.

ಒಂದು ಕೂಗು ಹಾಕಿದ್ದರೆ ಅವಳಿಗೆ ಕೇಳಿಸುತ್ತಿತ್ತು. ಅವನು ಕೂಗಲಿಲ್ಲ. ಬಾಯಿ ತೆರೆದೇ ನಿಂತಿದ್ದ ಅವಳನ್ನು ನೋಡುತ್ತ, ಹತ್ತುವವರಿಗೂ ಇಳಿಯುವವರಿಗೂ ಅಡ್ಡವಾಗಿ, ಬೈಸಿಕೊಳ್ಳುತ್ತ, ಅವಳು ಏನು ಕರೆಯುತ್ತಾಳೆಂದು ಕಾದ.