ದಾನ ಬೇಡದ ನಾನೂರು

ಹಿಂದಕ್ಕೆ ಹೋಗಿ ಹುಲ್ಲಿನ ಮೇಲೆ ನಿಲ್ಲು ಎಂದು ಗಸ್ ಬ್ರಾನಿಗನ್ ಹೇಳಿದಾಗ ಎಮಿಲ್ ಕೋಸ್ಕಾನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಮೈಯೆಲ್ಲ ಉರಿಯಿತು.

"ಯಾಕೆ ಯಜಮಾನ್ರೇ?"

"ಯಾಕೆ ಅಂತೆ. ಮೂರನೇ ಬೇಸ್ ಕಾಯೋ ಜಾಗ ನಿನಗೆ ಕೊಟ್ಟಾಗ ಯಾಕೆ ಅಂತ ಕೇಳಿದ್ಯಾ?" ಬ್ರಾನಿಗನ್ ಹೊಗೆಸೊಪ್ಪಿನ ರಸ ಉಗಿದ. ಬೆಲ್‌ಫೀಲ್ಡ್ ಬೇಸ್‌ಬಾಲ್ ತಂಡಕ್ಕೆ ಅವನೇ ಮ್ಯಾನೇಜರು, ಅವನೇ ದೊರೆ. "ಈ ಸಲ ಹಾರ್ಲೋ ಕ್ರೀಕಿನ ಮುದುಕ ಓರ್ವಲ್ ಬ್ಯಾಟು ಹಿಡಿದು ಬಂದಾಗ ನೀನು ದೂರ ನಿಂತಿರ್ತೀಯ. ಅವನು ಚೆಂಡನ್ನ ಬ್ಯಾಟಿಗೆ ಮೆತ್ತಗೆ ಮುಟ್ಟಿಸಿ ನಿನ್ನ ಕಡೆ ಉರುಳಿಸ್ತಾನೆ. ನೀನು ಓಡಿ ಬರೋಷ್ಟರಲ್ಲಿ ಅವನು ಮೊದಲನೇ ಬೇಸ್ ಮೇಲೆ ನಿಂತು ಮೂಗು ಒರೆಸ್ಕೊಳ್ತಿರ್ತಾನೆ. ಅಷ್ಟೇ."

"ಆ ಮೊಣಕಾಲಲ್ಲಿ ಅವರು ಓಡ್ತಾರಾ?" ಎಂದು ಚೆಂಡು ಎಸೆಯುವ ಪಿಚರ್ ಯೋಡರ್ ನಕ್ಕ.

"ನಿನ್ನ ಚೆಂಡಿಗೆ ನಮ್ಮಜ್ಜಿನೂ ಓಡ್ತಾಳೆ. ನಡುಮಧ್ಯಕ್ಕೆ ನಿಧಾನಕ್ಕೆ ಹಾಕು, ಸಾಕು."

ಆ ಕಲ್ಲಿದ್ದಲ ಊರುಗಳ ಲೀಗಿನಲ್ಲಿ ಇದು ಹಳೆಯ ಪದ್ಧತಿ. ಸೀಸನ್ನಿನ ಕೊನೆಯ ಪಂದ್ಯ, ಗೆದ್ದರೂ ಸೋತರೂ ಯಾರಿಗೂ ಏನೂ ಆಗದ ಪಂದ್ಯ, ಆಟ ಬಿಡಲಿರುವ ಒಬ್ಬ ಮುದುಕ: ಎದುರಾಳಿಯ ಮೂರನೇ ಬೇಸ್ ಕಾಯುವವನು ಮಣ್ಣು ಬಿಟ್ಟು ಹಿಂದಿನ ಹುಲ್ಲಿಗೆ ಸರಿದು ನಿಲ್ಲುತ್ತಾನೆ. ಮುದುಕ ಚೆಂಡು ಹೊಡೆದು, ಔಟಾಗದೆ ಬೇಸ್ ಮುಟ್ಟಿ, ಒಂದು ಹಿಟ್ ಗಿಟ್ಟಿಸಿ ಟೋಪಿ ಎತ್ತುತ್ತಾನೆ. ಜನ ಚಪ್ಪಾಳೆ ತಟ್ಟಿ ಬಿಯರ್ ಕುಡಿಯಲು ಹೋಗುತ್ತಾರೆ. ಯಾರೂ ಅದನ್ನು ಮೋಸ ಎನ್ನುವುದಿಲ್ಲ. ಬೀಳ್ಕೊಡುಗೆ ಎನ್ನುತ್ತಾರೆ.

ಆದರೆ ಓರ್ವಲ್ ಟಿಡ್ವೆಲ್ ಬೀಳ್ಕೊಡುಗೆಗಾಗಿ ಬರುತ್ತಿರಲಿಲ್ಲ. ಅವನು ನಾನೂರರ ಹೊಸ್ತಿಲಲ್ಲಿದ್ದ.

ಬ್ಯಾಟು ಹಿಡಿದ ಪ್ರತಿ ಹತ್ತು ಸಲದಲ್ಲಿ ನಾಲ್ಕು ಸಲ ಹಿಟ್ ಹೊಡೆದರೆ, ಸಾವಿರಕ್ಕೆ ಹಿಡಿದ ಲೆಕ್ಕದಲ್ಲಿ, ಸರಾಸರಿ ನಾನೂರು. ಹೇಳಲು ಎಷ್ಟು ಸುಲಭ. ಮೂರು ಸಲ ಹೊಡೆಯುವವನನ್ನೇ ಈ ಊರುಗಳಲ್ಲಿ ಹೆಗಲ ಮೇಲೆ ಹೊತ್ತು ತಿರುಗುತ್ತಾರೆ. ನಾಲ್ಕನೆಯದು ಮನುಷ್ಯನಿಗೆ ಸೇರಿದ್ದಲ್ಲ. ಲೀಗ್ ಹುಟ್ಟಿದಾಗಿನಿಂದ ಒಬ್ಬನೂ ಅದನ್ನು ಮುಟ್ಟಿರಲಿಲ್ಲ. ಇವತ್ತು, ಎಂಟನೇ ಇನ್ನಿಂಗ್ಸಿನಲ್ಲಿ, ಓರ್ವಲ್‌ಗೆ ಉಳಿದದ್ದು ಒಂದೇ ಸರದಿ. ಹಿಟ್ ಬಿದ್ದರೆ ಸರಿಯಾಗಿ ನಾನೂರು, ಕೂದಲೆಳೆಯಷ್ಟೂ ಹೆಚ್ಚಿಲ್ಲ. ಬೀಳದಿದ್ದರೆ ಇಲ್ಲ. ಹಾರ್ಲೋ ಕ್ರೀಕಿನ ಕಟ್ಟಿಗೆಯ ಗ್ಯಾಲರಿಯಲ್ಲಿ ಕೂತ ಕೂಸಿಗೂ ಈ ಲೆಕ್ಕ ಗೊತ್ತಿತ್ತು. ಶಾಲೆಯಲ್ಲಿ ಭಿನ್ನರಾಶಿಗೆ ಬೆತ್ತದೇಟು ತಿಂದು ಗಣಿಗೆ ಓಡಿಹೋದ ಎಮಿಲ್‌ಗೂ ಗೊತ್ತಿತ್ತು.

ಬೇಸಿಗೆಯೆಲ್ಲ ಎಮಿಲ್ ಅವನನ್ನು ನೋಡಿದ್ದ. ಮೂರನೇ ಬೇಸಿನಿಂದ ಕಾಣುವುದು ಓರ್ವಲ್‌ನ ಎಡಗೆನ್ನೆ ಮಾತ್ರ. ಚೆಂಡು ಬರುವಾಗ ಯಾರ ಕೆನ್ನೆಯಾದರೂ ಬಿಗಿಯುತ್ತದೆ, ಹಲ್ಲು ಕಚ್ಚುತ್ತದೆ. ಅವನದು ಸಡಿಲವಾಗುತ್ತಿತ್ತು, ನಿದ್ದೆಗೆ ಜಾರುವವನ ಹಾಗೆ. ಆಮೇಲೆ ಬ್ಯಾಟು ಬಂದದ್ದು ಕಾಣುತ್ತಿರಲಿಲ್ಲ, ಶಬ್ದವಷ್ಟೇ. ಬೇರೆಯವರ ಬ್ಯಾಟು ಚೆಂಡಿಗೆ ಬಡಿಯುತ್ತದೆ. ಇವನ ಬ್ಯಾಟಿನ ಶಬ್ದ ಕೇಳಿದರೆ ಒಣಗಿದ ಸೌದೆ ಒಂದೇ ಏಟಿಗೆ ಸೀಳಿದ ಹಾಗೆ. ಮೊದಲ ಸಲ ಕೇಳಿದಾಗ ಎಮಿಲ್‌ನ ತೋಳಿನ ರೋಮ ನಿಂತಿತ್ತು. ಇಪ್ಪತ್ತು ವರ್ಷ ಮುರುಕಲು ಬಸ್ಸುಗಳಲ್ಲಿ ಊರೂರು ತಿರುಗಿ, ಚಳಿಗಾಲದಲ್ಲಿ ಕೆರೆಯ ಮಂಜುಗಡ್ಡೆ ಕೊಯ್ದು ಹೊಟ್ಟೆ ಹೊರೆದ ಮನುಷ್ಯ ಆ ಶಬ್ದವನ್ನು ಎಲ್ಲಿಂದ ತಂದ?

ಅಂಥವನಿಗೆ ಈಗ ಭಿಕ್ಷೆ ಹಾಕಬೇಕಂತೆ.

ಭಿಕ್ಷೆ ಎಂದರೆ ಏನೆಂದು ಎಮಿಲ್‌ಗೆ ಗೊತ್ತು. ಅವನ ಅಪ್ಪನ ಶ್ವಾಸಕೋಶವನ್ನು ಕಲ್ಲಿದ್ದಲ ಪುಡಿಯಿಂದ ತುಂಬಿದ ಕಂಪನಿ ಪ್ರತಿ ಕ್ರಿಸ್‌ಮಸ್ಸಿಗೆ ಮನೆಗೊಂದು ಕಿತ್ತಳೆ ಹಂಚುತ್ತಿತ್ತು. ಅಪ್ಪ ಕೆಮ್ಮುತ್ತ ಬಾಗಿಲಿಗೆ ಹೋಗಿ, ಟೋಪಿ ತೆಗೆದು, ಆ ಕಿತ್ತಳೆಗೆ ಕೃತಜ್ಞತೆ ಹೇಳಬೇಕಿತ್ತು. ಎಮಿಲ್ ಇವತ್ತಿಗೂ ಕಿತ್ತಳೆ ತಿನ್ನುವುದಿಲ್ಲ.

ಆದರೂ ಅವನು ಹುಲ್ಲಿನ ಮೇಲೆ ಹೋಗಿ ನಿಂತ. ಬ್ರಾನಿಗನ್ ತಂಡದಿಂದ ತೆಗೆದರೆ ಮುಂದಿನ ವರ್ಷ ಮತ್ತೆ ಗಣಿಯೇ ಗತಿ.

ಓರ್ವಲ್ ಕುಂಟುತ್ತ ಬಂದು ಬ್ಯಾಟು ಎತ್ತಿದ. ಯೋಡರ್ ಮದುವೆ ಮನೆಯ ಲಾಡುವಿನಂಥ ಚೆಂಡೊಂದನ್ನು ನಡುಮಧ್ಯಕ್ಕೆ ಎಸೆದ. ಓರ್ವಲ್ ಅಲುಗಲಿಲ್ಲ. ಅಂಪೈರು ಸ್ಟ್ರೈಕ್ ಎಂದ. ಇನ್ನೊಂದು ಲಾಡು ಬಂತು. ಮತ್ತೆ ಅಲುಗಲಿಲ್ಲ. ಎರಡನೇ ಸ್ಟ್ರೈಕ್. ಇನ್ನೊಂದಾದರೆ ಔಟ್, ಮುಗಿಯಿತು.

"ಮುಟ್ಟಿಸಯ್ಯಾ, ಮುಟ್ಟಿಸು," ಎಂದು ಗ್ಯಾಲರಿಯಿಂದ ಯಾರೋ ಗೋಗರೆದರು. "ನಿದ್ದೆ ಬಂತಾ ಮುದುಕಪ್ಪಾ?"

ಓರ್ವಲ್ ಹೊರಗೆ ಸರಿದು ಬ್ಯಾಟಿನ ತುದಿಯನ್ನು ಎಮಿಲ್ ಕಡೆ ಚಾಚಿದ. ಒಳಗೆ ಬಾ ಎಂದು ಎರಡು ಸಲ ಅಲ್ಲಾಡಿಸಿದ, ಕೋಳಿ ಕರೆಯುವವನ ಹಾಗೆ.

ಗ್ಯಾಲರಿಯವರು ಎದ್ದು ನಿಂತರು.

"ಅಲ್ಲೇ ಇರು," ಎಂದು ಬೆಂಚಿನಿಂದ ಬ್ರಾನಿಗನ್ ಕೂಗಿದ. "ಲೋ ಕೋಸ್ಕಾ, ಒಂದು ಹೆಜ್ಜೆ ಇಟ್ರೆ ನಾಳೆ ಬೆಳಿಗ್ಗೆ ನಿಮ್ಮೂರ ಬಸ್ ಹತ್ತು."

ಎಮಿಲ್ ಹೆಜ್ಜೆ ಇಟ್ಟ. ಹುಲ್ಲು ದಾಟಿ ಮಣ್ಣಿಗೆ ಬಂದ, ತನ್ನ ಜಾಗದಲ್ಲಿ ನಿಂತು ಮೊಣಕಾಲು ಬಗ್ಗಿಸಿದ.

ಓರ್ವಲ್ ಪಿಚರ್ ಕಡೆ ತಿರುಗಿದ. "ಯೋಡರ್, ನಿಮ್ಮಪ್ಪನಿಗೆ ನಾನು ಗೊತ್ತು. ಹೋಗಿ ಅವನಿಗೆ ಏನು ಹೇಳ್ತೀಯ? ಸರಿಯಾಗಿ ಎಸಿ."

ಯೋಡರ್ ಕೆಂಪಗಾದ. ಆಮೇಲೆ ಎಸೆದ, ನಿಜವಾಗಿ ಎಸೆದ. ಓರ್ವಲ್ ಅದನ್ನು ಗೆರೆಯಾಚೆಗೆ ಚಿಮ್ಮಿಸಿದ; ಅದು ಔಟೂ ಅಲ್ಲ, ಲೆಕ್ಕಕ್ಕೂ ಇಲ್ಲ. ಮತ್ತೊಂದನ್ನೂ ಚಿಮ್ಮಿಸಿದ. ಮೂರನೆಯದು ಎದೆಮಟ್ಟಕ್ಕೆ, ಮೈಗೆ ಹತ್ತಿರ, ಉರಿದುಕೊಂಡು ಬಂತು. ಎಮಿಲ್ ಆ ಎಡಗೆನ್ನೆಯನ್ನು ನೋಡಿದ. ಅದು ಸಡಿಲವಾಯಿತು.

ಸೌದೆ ಸೀಳಿತು.

ಚೆಂಡು ಗೆರೆಯ ಮೇಲೆ ಬಂತು, ನೆಲದಿಂದ ಮೊಣಕಾಲೆತ್ತರದಲ್ಲಿ. ಎಮಿಲ್ ಹಾರಿದ. ಹಾರಿದ್ದು ಅವನಿಗೆ ಗೊತ್ತಾದದ್ದು ಗಾಳಿಯಲ್ಲಿದ್ದಾಗ. ಆ ಕ್ಷಣದಲ್ಲಿ ಚೆಂಡಿನ ಕೆಂಪು ಹೊಲಿಗೆ ತಿರುಗುತ್ತಿದ್ದದ್ದನ್ನು ಕಂಡ, ಅದರ ಸಿಳ್ಳು ಕೇಳಿದ. ಯಾವುದೋ ದೊಡ್ಡದರ ದಾರಿಗೆ ಅಡ್ಡ ಬಿದ್ದಿದ್ದೇನೆ ಅನ್ನಿಸಿತು, ರೈಲಿಗೆ ಅಡ್ಡ ಬಿದ್ದ ಹಾಗೆ. ಕೈ ಚಾಚಿದ, ತೋಳು ಕಿತ್ತು ಬರುವಷ್ಟು. ಗ್ಲೌಸಿನ ತುದಿಗೆ ಏನೋ ಸವರಿತು. ಹಿಂದೆ, ಚೆಂಡು ಬಿದ್ದ ಸುಣ್ಣದ ಗೆರೆಯಿಂದ ಬಿಳಿ ಧೂಳು ಎದ್ದಿತು.

ಅವನು ಮಣ್ಣಿನಲ್ಲಿ ಮುಖವಿಟ್ಟು ಮಲಗಿದ್ದ. ಎದೆಯೊಳಗೆ ಸಿಟ್ಟು ಎಲ್ಲಿ ಹೋಯಿತೆಂದು ಹುಡುಕಿದ, ಸಿಗಲಿಲ್ಲ. ಚರ್ಚಿನಲ್ಲಿ ಎಂದೂ ಬಗ್ಗದ ಹಣೆ ನೆಲಕ್ಕೆ ಹತ್ತಿಕೊಂಡಿತ್ತು. ಏಳಲು ಮನಸ್ಸೇ ಬರಲಿಲ್ಲ. ಅಂಥ ಹೊಡೆತ ಹೊಡೆದವರು ಬೇರೆ ಯಾರಾದರೂ ಆಗಿದ್ದರೆ ಎರಡನೇ ಬೇಸಿಗೆ ಓಡುತ್ತಿದ್ದರು. ಓರ್ವಲ್ ಮೊದಲನೆಯದರ ಮೇಲೆ ಏದುಸಿರು ಬಿಡುತ್ತ ನಿಂತಿದ್ದ. ಗ್ಯಾಲರಿಯ ಹಲಗೆಗಳು ಮುರಿಯುವಂತೆ ಜನ ಕುಣಿಯುತ್ತಿದ್ದರು. ನಾನೂರು.

ಪಂದ್ಯ ಮುಗಿದ ಮೇಲೆ ಹೊರಊರಿನವರು ಬಟ್ಟೆ ಬದಲಿಸುವ ತಗಡಿನ ಕೊಠಡಿಯಲ್ಲಿ ಬ್ರಾನಿಗನ್ ಎಮಿಲ್‌ನ ಬೆನ್ನಿಗೆ ಬಾರಿಸಿದ.

"ಏನು ನಾಟಕ ಆಡಿದ್ಯೋ ಕಳ್ಳ. ಒಳಗೆ ಬಂದು, ಹಾರಿ, ಬೇಕಂತಲೇ ತಪ್ಪಿಸಿದೆ ನೋಡು, ಹುಲ್ಲಿನ ಮೇಲೆ ನಿಲ್ಲೋದಕ್ಕಿಂತ ಚೆಂದ. ನಾನೇ ನಂಬಿಬಿಟ್ಟಿದ್ದೆ. ಬಸ್ಸು ಗಿಸ್ಸು ಮರೆತುಬಿಡು. ಮುಂದಿನ ವರ್ಷವೂ ಮೂರನೇ ಬೇಸ್ ನಿಂದೇ."

ಎಲ್ಲರೂ ನಕ್ಕರು. ಯೋಡರ್ ಕಣ್ಣು ಹೊಡೆದ. ಎಮಿಲ್ ತಲೆಯೆತ್ತಿದಾಗ ಬಾಗಿಲಲ್ಲಿ ಓರ್ವಲ್ ನಿಂತಿದ್ದ. ಕೈಯಲ್ಲಿ ಎರಡು ಬಿಯರ್ ಬಾಟಲಿ. ಅವನು ಎಲ್ಲವನ್ನೂ ಕೇಳಿದ್ದ. ಅರ್ಧ ಗಂಟೆಯ ಹಿಂದೆ ಹಗಲಿನಂತಿದ್ದ ಮುಖದಲ್ಲಿ ಈಗ ಏನೂ ಉಳಿದಿರಲಿಲ್ಲ.

"ನಿಜ ಹೇಳು ತಮ್ಮಾ," ಎಂದ. "ಬಿಟ್ಟುಕೊಟ್ಯಾ?"

ಸುಮ್ಮನಿದ್ದರೆ ಮೂರನೇ ಬೇಸ್ ಉಳಿಯುತ್ತಿತ್ತು. ಎಮಿಲ್ ಬ್ರಾನಿಗನ್‌ನನ್ನು ನೋಡಿದ. ಆಮೇಲೆ ಎಡಗೈಯ ಗ್ಲೌಸನ್ನು ಹಿಡಿದು ಎಳೆದ. ಅಲ್ಲಿಯವರೆಗೆ ಅದನ್ನು ತೆಗೆದಿರಲಿಲ್ಲ, ತೆಗೆಯಲು ಆಗಿರಲಿಲ್ಲ. ಎಳೆಯುವಾಗ ಹಲ್ಲು ಕಚ್ಚಿದ. ಗ್ಲೌಸಿನ ನಡುಬೆರಳ ತುದಿಯ ಹೊಲಿಗೆ ಬಿಚ್ಚಿತ್ತು. ಒಳಗಿನ ಉಗುರು ಬುಡದಿಂದ ಎದ್ದು, ಬೆರಳು ಬದನೆಕಾಯಿಯ ಬಣ್ಣಕ್ಕೆ ಊದಿಕೊಂಡಿತ್ತು.

"ನಾನು ಬಿಡಲಿಲ್ಲ ಯಜಮಾನ್ರೇ," ಎಂದು ಬ್ರಾನಿಗನ್‌ಗೇ ಹೇಳಿದ. "ಹಿಡಿಯೋಕೇ ಹಾರಿದ್ದು. ಹಿಡಿದಿದ್ರೆ ಎದೆಗೆ ಅವುಚಿಕೊಂಡು ಊರಿಗೆ ಓಡ್ತಿದ್ದೆ. ಆಗಲಿಲ್ಲ."

ನಗು ಒಂದೊಂದಾಗಿ ಆರಿತು.

ಓರ್ವಲ್ ಬಾಟಲಿಗಳನ್ನು ನೆಲಕ್ಕಿಟ್ಟು ಹತ್ತಿರ ಬಂದ. ಆ ಬೆರಳನ್ನು ತನ್ನ ಒರಟು ಅಂಗೈಯಲ್ಲಿ ಮೆಲ್ಲಗೆ ಇಟ್ಟುಕೊಂಡು ಬೆಳಕಿಗೆ ತಿರುಗಿಸಿ ನೋಡಿದ.

"ನೀನು ಹುಲ್ಲಿನ ಮೇಲೇ ನಿಂತಿದ್ರೆ ಚೆಂಡು ನಿನ್ನ ಕೈಗೇ ಬರ್ತಿತ್ತು, ನಾನು ಔಟಾಗ್ತಿದ್ದೆ."

"ಗೊತ್ತು."

"ಒಳಗೆ ಕರೆದಾಗ ನಂಗೆ ಅದು ಗೊತ್ತಿರಲಿಲ್ಲ ಕಣಪ್ಪಾ. ದೇವರಾಣೆ."

"ಅದೂ ಗೊತ್ತು."

ಓರ್ವಲ್ ಬೆಂಚಿನ ಮೇಲೆ ಕುಸಿದು ಕೂತ. ಬೆರಳನ್ನು ಬಿಡಲಿಲ್ಲ. ಅವನ ಎಡಗೆನ್ನೆ ಸಡಿಲವಾಯಿತು, ಆಮೇಲೆ ಮೆಲ್ಲಗೆ ಒದ್ದೆಯಾಯಿತು. ಬ್ರಾನಿಗನ್ ಟೋಪಿ ತೆಗೆದ, ಯಾಕೆ ತೆಗೆದೆನೆಂದು ಗೊತ್ತಿಲ್ಲದವನ ಹಾಗೆ ಅದನ್ನು ಕೈಯಲ್ಲೇ ಹಿಡಿದು ನಿಂತ. ನಾಳೆಯ ಬಸ್ಸಿನ ಮಾತು ಯಾರೂ ಎತ್ತಲಿಲ್ಲ.

"ಒಂದ್ಸಲ ಹೇಳು," ಎಂದ ಓರ್ವಲ್. "ಹತ್ತಿರದಿಂದ ಆ ಚೆಂಡು ಹೇಗೆ ಕಾಣ್ತಿತ್ತು?"

ಎಮಿಲ್ ಬಾಯಿ ತೆರೆದ. ಬೈಗುಳ ಬಿಟ್ಟರೆ ಬೇರೆ ಮಾತು ಅಷ್ಟಾಗಿ ಕಲಿಯದ ಬಾಯಿ ಅದು. "ಕೆಂಪು ಹೊಲಿಗೆ ತಿರುಗ್ತಾ, ರೈಲು ಬಂದ ಹಾಗಿತ್ತು," ಎಂದ.